ಚಿಪ್ ಹಾಕಿಸಿದ ಪ್ಲೇಸ್ಟೇಷನ್ನು, ಕಿತ್ತು ಬಂದ ತಾಮ್ರ

ಶಿರೂರಿನ ನಮ್ಮ ಓಣಿಗೆ ಕಲಾಯಿಯವರು ಬಂದರೆ ಹುಡುಗರಿಗೆಲ್ಲ ಅದೇ ಸಿನಿಮಾ. ನೆಲದಲ್ಲಿ ಸಣ್ಣ ಕುಣಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಹಿತ್ತಾಳೆ ಪಾತ್ರೆ ಕಾಯಿಸೋರು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದ ಕೂಡಲೇ ಬಿಳಿ ಹೊಗೆ ಭುಸ್ ಅಂತ ಏಳೋದು. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ. ನವಸಾಗರ ಅಂದ್ರೆ ಅಮೋನಿಯಂ ಕ್ಲೋರೈಡ್. ಲೋಹದ ಮೇಲೆ ಕೂತಿರೋ ಆಕ್ಸೈಡ್ ಪದರ ಕಿತ್ತು, ತವರ ಹಿಡಿಯುವಂತೆ ಮಾಡೋದು ಅದರ ಕೆಲಸ. ಸರ್ಕ್ಯೂಟ್ ಬೋರ್ಡಿನ ಮೇಲೆ ಇದೇ ಕೆಲಸ ಮಾಡುವುದಕ್ಕೆ ಫ್ಲಕ್ಸ್ ಅಂತ ಹೆಸರು, ತಾಮ್ರದ ಮೇಲೆ ತೆಳ್ಳಗೆ ಸೋಲ್ಡರ್ ಬಳಿಯೋದಕ್ಕೆ ಟಿನ್ನಿಂಗ್ ಅಂತ ಹೆಸರು. ನಾನು ಬಿಇ ಲ್ಯಾಬಿನಲ್ಲಿ ಟಿನ್ನಿಂಗ್ ಅನ್ನೋ ಪದ ಕೇಳಿದಾಗ ಹೊಸ ವಿದ್ಯೆ ಅಂತ ಅನ್ನಿಸಲೇ ಇಲ್ಲ.

ಈ ಬರಹ ಕಲಾಯಿ ಬಗ್ಗೆ ಅಲ್ಲ. 1990ರ ದಶಕದ ಕೊನೆಯಿಂದ ಸುಮಾರು ಹತ್ತು ಹದಿನೈದು ವರ್ಷ ನಮ್ಮ ನಗರಗಳ ಸಣ್ಣ ಸಣ್ಣ ಅಂಗಡಿಗಳಲ್ಲಿ ನಡೆದ, ಯಾರೂ ಬರೆದಿಡದ ಒಂದು ಬೆಸುಗೆಯ ಬಗ್ಗೆ. ವಿಡಿಯೋ ಗೇಮ್ ಯಂತ್ರಕ್ಕೆ 'ಚಿಪ್ ಹಾಕಿಸೋದು' ಅಂತಿದ್ದೆವಲ್ಲ, ಅದು.

ಅದಕ್ಕೂ ಮೊದಲು ಹಳ್ಳಿಗಳಿಗೆ ಬಂದದ್ದು ಹಳದಿ ಕ್ಯಾಸೆಟ್ಟಿನ ಟಿವಿ ಗೇಮು. ಜಪಾನಿನಲ್ಲಿ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು ಅದು. ಮೂಲ ಯಂತ್ರದಲ್ಲಿ ಬೀಗದ ಚಿಪ್ಪೇ ಇರಲಿಲ್ಲ, ಹಾಗಾಗಿ ನಕಲು ಮಾಡೋರಿಗೆ ಹಬ್ಬ. ಅಮೆರಿಕಕ್ಕೆ ಕಳಿಸುವಾಗ ನಿಂಟೆಂಡೊ ಬುದ್ಧಿ ಕಲಿತು ಒಂದು ಬೀಗದ ಚಿಪ್ ಸೇರಿಸಿತು. ಜನ ಅದರ ನಾಲ್ಕನೇ ಕಾಲು ಕತ್ತರಿಸಿ ಬೀಗ ತೆಗೆದರು! ನಮ್ಮ ಕಡೆಯ ನಕಲು ಯಂತ್ರ ಬಿಚ್ಚಿದರೆ ಒಳಗೆ ಕಪ್ಪು ಡಾಂಬರಿನ ಬೊಟ್ಟು, ಅದರ ಕೆಳಗೆ ಚಿಪ್ಪು. ಬೊಟ್ಟು ಸತ್ತರೆ ಯಂತ್ರವೂ ಸತ್ತ ಹಾಗೆ. ರೇಡಿಯೋ ರಿಪೇರಿಯವರು ಮಾಡಬಹುದಾಗಿದ್ದದ್ದು ಜಾಯ್‌ಸ್ಟಿಕ್ಕಿನ ವೈರು ಜೋಡಿಸೋದು, ಅಷ್ಟೇ.

ಪ್ಲೇಸ್ಟೇಷನ್ ಬೇರೆ ಲೆಕ್ಕ. 1994ರ ಡಿಸೆಂಬರ್ 3ಕ್ಕೆ ಜಪಾನಿನಲ್ಲಿ ಬಂದ ಈ ಯಂತ್ರದಲ್ಲಿ ಆಟ ಇದ್ದದ್ದು ಸಿಡಿಯಲ್ಲಿ. ಸಿಡಿಯ ನಕಲು ಸುಲಭ, ಅದಕ್ಕೆ ಸೋನಿ ಮಾಡಿದ ಉಪಾಯ ನಿಜಕ್ಕೂ ಜಾಣತನದ್ದು. ಅಸಲಿ ಡಿಸ್ಕಿನ ಒಳ ಅಂಚಿನಲ್ಲಿ ಡೇಟಾ ಸಾಲು ನೆಟ್ಟಗಿರಲ್ಲ, ಬೇಕಂತಲೇ ಸಣ್ಣಗೆ ಓಲಾಡುತ್ತೆ. ಆ ಓಲಾಟದಲ್ಲಿ ನಾಲ್ಕು ಅಕ್ಷರ ಅಡಗಿರುತ್ತೆ: ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ಮನೆಯ ಸಿಡಿ ರೈಟರ್ ಈ ಓಲಾಟ ಬರೆಯಲಾರದು. ಅಕ್ಷರ ಸಿಗದಿದ್ದರೆ ಯಂತ್ರ ಆಟ ಶುರು ಮಾಡಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಮಾಡ್‌ಚಿಪ್. ಎಂಟೇ ಕಾಲಿನ ಸಣ್ಣ ಮೈಕ್ರೋಕಂಟ್ರೋಲರ್, ಬಹುಪಾಲು ಪಿಐಸಿ ಜಾತಿಯದ್ದು. ಅದನ್ನು ಬೋರ್ಡಿಗೆ ತಂತಿಗಳಿಂದ ಕಟ್ಟಿದರೆ, ಡಿಸ್ಕ್ ಹೇಳಬೇಕಾದ ನಾಲ್ಕು ಅಕ್ಷರವನ್ನು ಇದೇ ಪಿಸುಗುಟ್ಟುತ್ತೆ. ಆಮೇಲೆ ಬಂದ ಕೆಲವು ಆಟಗಳು 'ಇಲ್ಲಿ ಯಾರೋ ಪಿಸುಗುಟ್ಟುತ್ತಿದ್ದಾರೆ' ಅಂತ ಪತ್ತೆ ಹಚ್ಚತೊಡಗಿದವು. ಆಗ ಚಿಪ್ ಮಾಡೋರು ಆರಂಭದಲ್ಲಿ ಮಾತ್ರ ಮಾತಾಡಿ ನಂತರ ಬಾಯಿ ಮುಚ್ಚಿಕೊಳ್ಳುವ ಚಿಪ್ ತಂದರು. ಕಳ್ಳ ಪೊಲೀಸ್ ಆಟ ಟಿವಿಯ ಒಳಗಿಗಿಂತ ಹೊರಗೇ ಚೆನ್ನಾಗಿತ್ತು ಬಿಡಿ. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರ ಮೊದಮೊದಲ ಚಿಪ್ಪುಗಳಿಗಂತೂ ಇಪ್ಪತ್ತಕ್ಕೂ ಹೆಚ್ಚು ತಂತಿ ಎಳೀಬೇಕಿತ್ತು. ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ಒಂದು ಮಿಲಿಮೀಟರೂ ಜಾಗ ಇಲ್ಲದ ಕಡೆ.

ಈ ಕೆಲಸ ನಮ್ಮಲ್ಲಿ ಎಲ್ಲಿ ನಡೀತಿತ್ತು? ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮೆಜೆಸ್ಟಿಕ್ ಪಕ್ಕದ ನ್ಯಾಷನಲ್ ಮಾರ್ಕೆಟ್ಟು, ಬಿಡಿಭಾಗಕ್ಕೆ ಎಸ್‌ಪಿ ರೋಡು. ಯಂತ್ರ ಬರ್ತಿದ್ದದ್ದು ದುಬೈ, ಸಿಂಗಾಪುರದಿಂದ ಯಾರದೋ ಸೂಟ್‌ಕೇಸಿನಲ್ಲಿ. ಅಮೆರಿಕದ ಯಂತ್ರ ತಂದರೆ ನಮ್ಮ ಪಾಲ್ ಟಿವಿಯಲ್ಲಿ ಎಷ್ಟೋ ಸಲ ಚಿತ್ರ ಕಪ್ಪು ಬಿಳುಪು. ಚಿಪ್ ಹಾಕೋರ ಹತ್ತಿರ ಸರ್ಕ್ಯೂಟ್ ನಕ್ಷೆ ಇರಲಿಲ್ಲ, ಕೈಬರಹದ ಜೆರಾಕ್ಸ್ ಇತ್ತು. ಉಷ್ಣತೆ ನಿಯಂತ್ರಿಸುವ ಸ್ಟೇಷನ್ ಇರಲಿಲ್ಲ, ಪ್ಲಗ್ಗಿಗೆ ಚುಚ್ಚಿದರೆ ಕಾಯ್ತಾನೇ ಹೋಗೋ ಸಾದಾ ಐರನ್ ಇತ್ತು. ಗಿರಾಕಿ ಎದುರಿಗೇ ನಿಂತು 'ಎಷ್ಟೊತ್ತು ಅಣ್ಣಾ' ಅಂತಿದ್ದ. ಇವತ್ತು ಆ ಬೋರ್ಡುಗಳನ್ನು ಬಿಚ್ಚಿ ನೋಡಿ 'ಎಂಥಾ ಕಟುಕ ಮಾಡಿದ್ದಾನೋ' ಅನ್ನೋರಿಗೆ ನಾನು ಇದನ್ನೇ ಹೇಳೋದು.

ಹಾಗಂತ ಹಾನಿ ಆಗಿಲ್ಲ ಅಂತಲ್ಲ. ಅದು ಯಾಕೆ ಆಗುತ್ತೆ ಅನ್ನೋದಕ್ಕೆ ಬೋರ್ಡಿನ ಹುಟ್ಟು ನೋಡಬೇಕು. ಪಾಲ್ ಐಸ್ಲರ್ ಅನ್ನೋ ಆಸ್ಟ್ರಿಯದ ಎಂಜಿನಿಯರು ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದು, ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ವಿಧಾನ ಇದು: ಹಲಗೆಯ ಮೇಲೆ ತಾಮ್ರದ ಹಾಳೆ ಅಂಟಿಸಿ, ಬೇಡದ ತಾಮ್ರ ಕರಗಿಸಿ ತೆಗೆದು, ಉಳಿದ ಗೆರೆಗಳನ್ನೇ ತಂತಿ ಅಂತ ಬಳಸೋದು. ಸಾಮಾನ್ಯ ಬೋರ್ಡಿನಲ್ಲಿ ಆ ತಾಮ್ರ 35 ಮೈಕ್ರಾನ್ ದಪ್ಪ, ಅಂದ್ರೆ ತಲೆಗೂದಲಿಗಿಂತ ತೆಳು. ಕೆಳಗಿನ ಹಲಗೆಗೆ ಅದನ್ನು ಹಿಡಿದಿಟ್ಟಿರೋದು ರಾಳ. ಐರನ್ ಜಾಸ್ತಿ ಹೊತ್ತು ಇಟ್ಟರೆ ರಾಳ ಸೋಲುತ್ತೆ. ಆಗ ತಂತಿ ಸ್ವಲ್ಪ ಎಳೆದರೂ ಸಾಕು, ಪ್ಯಾಡ್ ಹಪ್ಪಳದ ಹಾಗೆ ಎದ್ದು ಬರುತ್ತೆ.

ನನ್ನ ಸಹೋದ್ಯೋಗಿಯೊಬ್ಬರ ಹಳೇ ಪ್ಲೇಸ್ಟೇಷನ್ ನನ್ನ ಕೈಗೆ ಬಂದಾಗ ಇದೇ ಸ್ಥಿತಿ. ಅದನ್ನು ಗಲ್ಫಿನಿಂದ ತಂದವರು ಅವರ ಅಪ್ಪ, ಅಪ್ಪ ಈಗಿಲ್ಲ. ಹಾಗಾಗಿ 'ಬೇರೆ ತಗೊಳ್ಳಿ' ಅನ್ನೋ ಮಾತೇ ಬರಲ್ಲ. ಯಾವುದೋ ಕಾಲದಲ್ಲಿ ಯಾರೋ ಹಾಕಿದ ಚಿಪ್ಪು, ಎರಡು ಕಡೆ ಪ್ಯಾಡ್ ಎದ್ದಿದೆ, ಮೇಲೆ ಗಟ್ಟಿಯಾದ ಅಂಟು, ಸುತ್ತ ಹಸಿರು ಕಿಲುಬು. ಕಿಲುಬು ಕಂಡರೆ ತಗಡು ಬೆಸೆಯೋರ ಆಸಿಡ್ ಫ್ಲಕ್ಸ್ ಬಳಸಿ ತೊಳೆಯದೆ ಬಿಟ್ಟಿದ್ದಾರೆ ಅಂತ ಊಹಿಸಬಹುದು. ತೊಳೆಯದಿದ್ದರೆ ಅದು ವರ್ಷಗಟ್ಟಲೆ ತಾಮ್ರ ತಿಂತಾನೇ ಇರುತ್ತೆ.

ಇಂಥ ಬೋರ್ಡಿಗೆ ಮೊದಲು ಐರನ್ ಮುಟ್ಟಿಸಬಾರದು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಅದ್ದಿ ತೊಳೆದು, ಬೂದುಗಾಜಿನಲ್ಲಿ ನೋಡಿ, ಫೋಟೋ ತೆಗೆದು, ಮಲ್ಟಿಮೀಟರಿನಲ್ಲಿ ಯಾವ ಗೆರೆ ಎಲ್ಲಿಗೆ ಹೋಗುತ್ತೆ ಅಂತ ಬೀಪ್ ಹಾಕಿ ಗುರುತು ಮಾಡ್ಕೋಬೇಕು. ಹಳೆಯ ತಂತಿ ಬಿಡಿಸುವಾಗ ಇರೋ ಬೆಸುಗೆಗೆ ಹೊಸ ಸೋಲ್ಡರ್ ಸೇರಿಸೋದು ವಿಚಿತ್ರ ಅನ್ನಿಸಬಹುದು. ಆದರೆ 63 ಭಾಗ ತವರ, 37 ಭಾಗ ಸೀಸದ ಮಿಶ್ರಣ 183 ಡಿಗ್ರಿಗೇ ಕರಗುತ್ತೆ, ಅದರೊಳಗಿನ ಫ್ಲಕ್ಸ್ ಹಳೆಯದನ್ನೂ ಸಡಿಲ ಮಾಡುತ್ತೆ. ತಂತಿ ತಾನಾಗೇ ಬಿಡಬೇಕು, ಎಳೆದರೆ ಉಳಿದ ಪ್ಯಾಡೂ ಹೋಯ್ತು. ಆಮೇಲೆ ಹರಿದ ಗೆರೆಯ ಮೇಲಿನ ಹಸಿರು ಲೇಪವನ್ನು ಬ್ಲೇಡಿನ ತುದಿಯಿಂದ ಎರಡು ಮಿಲಿಮೀಟರಿನಷ್ಟು ಕೆರೆದರೆ ಕೆಂಪು ತಾಮ್ರ ಹೊಳೆಯುತ್ತೆ. ಅದಕ್ಕೆ ಕಲಾಯಿ ಹಾಕಿ, ಎನಾಮಲ್ ಲೇಪದ ಎಳೆತಂತಿ ಮಲಗಿಸಿ ಬೆಸೆಯಬೇಕು. ಇನ್ನೊಂದು ತುದಿ ಅದೇ ಗೆರೆಯ ಮುಂದಿನ ಗಟ್ಟಿ ನೆಲೆಗೆ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸೋದನ್ನು ನೋಡಿದವರಿಗೆ ಈ ಕೆಲಸದ ತಾಳ್ಮೆ ಎಂಥದ್ದು ಅಂತ ಗೊತ್ತಾಗುತ್ತೆ. ಕೊನೆಗೆ ನೇರಳಾತೀತ ಬೆಳಕಿಗೆ ಗಟ್ಟಿಯಾಗೋ ಲೇಪ ಒಂದು ಹನಿ. ಕರೆಂಟ್ ಕೊಡೋ ಮುಂಚೆ ಸಪ್ಲೈ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇಲ್ಲ ಅಂತ ಇನ್ನೊಮ್ಮೆ ನೋಡಬೇಕು.

ಬೆಸುಗೆಯಲ್ಲಿ ಸೋತವರು ಸಣ್ಣ ಅಂಗಡಿಯವರು ಮಾತ್ರ ಅಲ್ಲ. ಮೈಕ್ರೋಸಾಫ್ಟ್ 2005ರಲ್ಲಿ ತಂದ ಎಕ್ಸ್‌ಬಾಕ್ಸ್ 360ರಲ್ಲಿ ಬಿಸಿ ತಂಪು, ಬಿಸಿ ತಂಪು ಅಂತ ಚಿಪ್ಪಿನ ಬೆಸುಗೆಯೇ ಬಿರುಕು ಬಿಟ್ಟು ಕೆಂಪು ದೀಪ ಉರಿಯತೊಡಗಿದಾಗ, 2007ರ ಜುಲೈನಲ್ಲಿ ಕಂಪನಿ ವಾರಂಟಿ ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟಿತು. ನಮ್ಮ ಚಿಪ್ ಅಣ್ಣಂದಿರು ವಾರಂಟಿ ಅಂತ ಕೊಟ್ಟದ್ದು ವಿಸಿಟಿಂಗ್ ಕಾರ್ಡು.

ಇದು ಕಳ್ಳತನಕ್ಕೆ ಸಹಾಯ ಅಲ್ವಾ ಅಂತ ನೀವು ಕೇಳಬಹುದು. ಬಹುಪಾಲು ಹೌದು. ನಕಲಿ ಸಿಡಿ ಆಡಿಸೋಕೇ ಚಿಪ್ ಹಾಕಿಸ್ತಿದ್ದದ್ದು, ಇದರಲ್ಲಿ ಮುಚ್ಚುಮರೆ ಬೇಡ. ಆದರೆ ಬೇರೆ ದೇಶದಲ್ಲಿ ದುಡ್ಡು ಕೊಟ್ಟು ಕೊಂಡ ಅಸಲಿ ಡಿಸ್ಕನ್ನೂ ಆ ನಾಲ್ಕು ಅಕ್ಷರ ತಡೀತಿತ್ತು. ಆಸ್ಟ್ರೇಲಿಯಾದ ಹೈಕೋರ್ಟ್ 2005ರಲ್ಲಿ ಸ್ಟೀವನ್ಸ್ ಅನ್ನೋರ ಮೇಲೆ ಸೋನಿ ಹೂಡಿದ ಪ್ರಕರಣದಲ್ಲಿ, ಅಲ್ಲಿನ ಆಗಿನ ಕಾನೂನಿನ ಪ್ರಕಾರ ಮಾಡ್‌ಚಿಪ್ ಅಕ್ರಮ ಸಾಧನ ಅಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಇಂಥ ಬೀಗ ಮುರಿಯೋದರ ಬಗ್ಗೆ ಕಾಪಿರೈಟ್ ಕಾಯ್ದೆಗೆ 65ಎ ಸೆಕ್ಷನ್ ಸೇರಿದ್ದು 2012ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಪ್ಲೇಸ್ಟೇಷನ್ 2ರ ಕಾಲವೇ ಮುಗಿಯುತ್ತಾ ಬಂದಿತ್ತು.

ಈಗ ಬೆಸುಗೆಯೇ ಬೇಡ. 2008ರಿಂದ ಪ್ಲೇಸ್ಟೇಷನ್ 2ಕ್ಕೆ ಮೆಮರಿ ಕಾರ್ಡಿನಿಂದಲೇ ಬೀಗ ತೆಗೆಯೋ ಸಾಫ್ಟ್‌ವೇರ್ ಇದೆ, ಮೊದಲ ಪ್ಲೇಸ್ಟೇಷನ್ನಿಗೂ 2021ರಲ್ಲಿ ಅಂಥದ್ದು ಬಂತು. ಹಾಗಾಗಿ ಸಂಗ್ರಹಕಾರರು ಹಳೇ ಚಿಪ್ ಕಿತ್ತು ಬೋರ್ಡನ್ನು 'ಶುದ್ಧ' ಮಾಡ್ತಿದ್ದಾರೆ. ನನಗದು ಅಷ್ಟು ಒಪ್ಪಿಗೆ ಇಲ್ಲ. ಆ ಕೆಲಸ ಮಾಡಿದವರ ಹೆಸರು ಎಲ್ಲೂ ಇಲ್ಲ, ಇರೋ ದಾಖಲೆ ಅಂದ್ರೆ ಅವರ ಬೆಸುಗೆ ಮಾತ್ರ. ಸಹೋದ್ಯೋಗಿಯ ಯಂತ್ರದಲ್ಲಿ ಹರಿದ ಗೆರೆ ಎರಡನ್ನೂ ಸರಿ ಮಾಡಿದೆ, ಕಿಲುಬು ತೆಗೆದೆ, ಉದ್ದುದ್ದ ತಂತಿಗಳನ್ನು ಚಿಕ್ಕದು ಮಾಡಿದೆ, ಚಿಪ್ಪನ್ನು ಅಲ್ಲೇ ಬಿಟ್ಟೆ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಯಾವ ತಂತಿ ಯಾವ ಕಾಲಿಗೆ, ಯಾವುದು ಹಳೆಯ ಬೆಸುಗೆ, ಯಾವುದು ನನ್ನದು, ಮತ್ತು ತಾರೀಕು.