ಹಿಂಡಿಗೆ ಯಜಮಾನ ಯಾರು?

1931ರಲ್ಲಿ ಎಡ್ಮಂಡ್ ಸೆಲೂಸ್ ಎಂಬ ಇಂಗ್ಲೆಂಡಿನ ಪಕ್ಷಿವೀಕ್ಷಕನ ಪುಸ್ತಕವೊಂದು ಬಂತು. ವರ್ಷಗಟ್ಟಲೆ ಹಕ್ಕಿಗಳನ್ನು ನೋಡಿ ನೋಡಿ ಆತನಿಗೆ ಅನಿಸಿದ್ದು ಇಷ್ಟು: ಇಡೀ ಹಿಂಡು ಒಮ್ಮೆಲೇ ತಿರುಗುತ್ತೆ ಅಂದರೆ, ಮನಸ್ಸಿನಿಂದ ಮನಸ್ಸಿಗೆ ಏನೋ ದಾಟುತ್ತಿರಬೇಕು. ಶೀರ್ಷಿಕೆಯಲ್ಲೇ 'ಅಥವಾ ಮತ್ತೇನು?' ಅಂತಲೂ ಸೇರಿಸಿದ್ದ. ಆ ಪ್ರಶ್ನಾರ್ಥಕ ಚಿಹ್ನೆಗಾಗಿ ನನಗೆ ಆತನ ಮೇಲೆ ಗೌರವ.

ನಗಬೇಡಿ. ಊರಲ್ಲಿ ಕುರಿಮಂದೆಗೆ ಕುರುಬ, ಆಫೀಸಿನಲ್ಲಿ ತಂಡಕ್ಕೆ ಮ್ಯಾನೇಜರ್, ಇದನ್ನೇ ಕಂಡ ನಮಗೂ ಹೇಳೋರಿಲ್ಲದ ಶಿಸ್ತು ಸುಲಭಕ್ಕೆ ತಲೆಗೆ ಹೋಗಲ್ಲ.

1982ರಲ್ಲಿ ಜಪಾನಿನ ಇಚಿರೊ ಅವೊಕಿ ಕಂಪ್ಯೂಟರಿನೊಳಗೆ ಮೀನುಗಳನ್ನು ಈಜಿಸಿದರು. ನಾಯಕನಿಲ್ಲ, ಗುಂಪು ಎತ್ತ ಹೊರಟಿದೆ ಅಂತ ಯಾವ ಮೀನಿಗೂ ಗೊತ್ತಿಲ್ಲ, ಆದರೂ ಗುಂಪು ಕಟ್ಟಿಕೊಂಡವು. 1987ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಹಕ್ಕಿಗಳಿಗೆ ಮೂರೇ ನಿಯಮ ಕೊಟ್ಟರು: ಪಕ್ಕದವರಿಗೆ ಡಿಕ್ಕಿ ಹೊಡೀಬೇಡ, ಅವರು ಹೋಗುವ ದಿಕ್ಕಿಗೆ ಹೋಗು, ಅವರಿಂದ ತೀರಾ ದೂರ ಉಳೀಬೇಡ. ಪರದೆ ಮೇಲೆ ಹಿಂಡು ಹಾರಿತು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಸಿನಿಮಾದ ಬಾವಲಿಗಳು ಇದೇ ಪ್ರೋಗ್ರಾಮಿನ ಸಂತತಿ.

1995ರಲ್ಲಿ ಹಂಗೇರಿಯ ತಾಮಾಶ್ ವಿಚೆಕ್ ಮತ್ತು ಸಂಗಡಿಗರು ಇನ್ನೂ ಜಿಪುಣತನ ತೋರಿಸಿದರು. ಹಕ್ಕಿಯಲ್ಲ, ಬರೀ ಚುಕ್ಕಿ. ಸುತ್ತಲಿನ ಚುಕ್ಕಿಗಳ ಸರಾಸರಿ ದಿಕ್ಕು ಹಿಡಿ, ಸ್ವಲ್ಪ ತಪ್ಪು ಮಾಡು, ಅಷ್ಟೇ. ತಪ್ಪು ಹೆಚ್ಚಿದ್ದಾಗ ಸಂತೆ. ಒಂದು ಮಿತಿಗಿಂತ ಕಡಿಮೆಯಾದರೆ ಎಲ್ಲವೂ ಒಂದೇ ದಿಕ್ಕಿಗೆ ಹೊರಡುತ್ತವೆ. ಭೌತವಿಜ್ಞಾನಿಗಳು ಇದರ ಹಿಂದೆ ಬಿದ್ದರು, ನಮ್ಮ ಬೆಂಗಳೂರಿನ ಐಐಎಸ್‌ಸಿಯ ಶ್ರೀರಾಮ್ ರಾಮಸ್ವಾಮಿಯವರೂ ಸೇರಿದಂತೆ.

ಆದರೆ ಇಲ್ಲೊಂದು ಎಡವಟ್ಟಿದೆ, ಕೋಡ್ ಬರೆಯೋರಿಗೆ ಬೇಗ ಅರ್ಥವಾಗುವಂಥದ್ದು. ಡೆಮೊ ಚೆನ್ನಾಗಿ ಓಡಿತು ಅಂದ ಮಾತ್ರಕ್ಕೆ ನಿಜವಾದ ಹಕ್ಕಿಗಳೂ ಹಾಗೇ ಮಾಡ್ತಾವೆ ಅಂತ ಹೇಗೆ ಹೇಳೋದು? ಆಕಾಶದಲ್ಲಿ ಅಳೆದವರು ಎಲ್ಲಿ?

ಅಳೆದದ್ದು ರೋಮ್‌ನಲ್ಲಿ. ಚಳಿಗಾಲದ ಸಂಜೆ ನಮ್ಮ ಗೊರವಂಕದ ನೆಂಟ ಸ್ಟಾರ್ಲಿಂಗ್‌ಗಳು ರೈಲುನಿಲ್ದಾಣದ ಸುತ್ತ ಸಾವಿರಗಟ್ಟಲೆ ಸೇರುತ್ತವೆ. ಪಕ್ಕದ ಮ್ಯೂಸಿಯಂನ ಮಹಡಿ ಮೇಲೆ ಕ್ಯಾಮೆರಾಗಳನ್ನಿಟ್ಟು, ಒಂದೇ ಕ್ಷಣವನ್ನು ಬೇರೆ ಬೇರೆ ಕೋನದಿಂದ ಸೆರೆಹಿಡಿದು, ಒಂದೊಂದು ಹಕ್ಕಿ ಎಲ್ಲಿತ್ತು ಅಂತ ಲೆಕ್ಕ ಹಾಕಿದರು. ತಂಡದಲ್ಲಿದ್ದ ಜಾರ್ಜೋ ಪರೀಸಿಗೆ 2021ರಲ್ಲಿ ನೊಬೆಲ್ ಬಂತು, ಅದು ಮುಖ್ಯವಾಗಿ ಬೇರೆ ಕೆಲಸಕ್ಕೆ.

2008ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ಪ್ರೋಗ್ರಾಮುಗಳ ಒಂದು ಬುಡವನ್ನೇ ಅಲ್ಲಾಡಿಸಿತು. ಅವುಗಳಲ್ಲಿ ಹಕ್ಕಿ ನೋಡುತ್ತಿದ್ದುದು 'ಇಷ್ಟು ದೂರದೊಳಗೆ ಇರೋರನ್ನೆಲ್ಲ'. ನಿಜವಾದ ಹಕ್ಕಿ ದೂರ ಅಳೆಯುವುದಿಲ್ಲ. ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ ಗಮನಿಸುತ್ತದೆ, ಅವು ಒತ್ತಾಗಿರಲಿ, ಚದುರಿರಲಿ.

ಏನು ಮಹಾ ವ್ಯತ್ಯಾಸ ಅಂತೀರಾ? ಗಿಡುಗ ಎರಗಿದಾಗ ನೋಡಿ. ಹಿಂಡು ಹಿಗ್ಗುತ್ತದೆ, ಹರಡಿಕೊಳ್ಳುತ್ತದೆ. ದೂರದ ಲೆಕ್ಕವಾಗಿದ್ದರೆ ಅಂಚಿನ ಹಕ್ಕಿಯ ಅಳತೆಯೊಳಗೆ ಯಾರೂ ಉಳಿಯದೆ ಅದು ಒಂಟಿಯಾಗುತ್ತಿತ್ತು. ಒಂಟಿ ಹಕ್ಕಿ ಗಿಡುಗಕ್ಕೆ ಸುಲಭದ ತುತ್ತು. ಎಣಿಕೆಯ ಲೆಕ್ಕದಲ್ಲಿ ನೆರೆಯವರು ಎಷ್ಟೇ ಸರಿದರೂ ಆರೇಳು ಆರೇಳೇ. ಅವು ತಿರುಗಿದ ಕಡೆ ಇದೂ ತಿರುಗಿ ಹಿಂಡಿನೊಳಗೆ ಸೇರಿಕೊಳ್ಳುತ್ತದೆ.