ಹಿರಣ್ಯಕಶಿಪು

ಭಾಗವತದ ಏಳನೆಯ ಸ್ಕಂಧದಲ್ಲಿ ಬರುವ ದೈತ್ಯರಾಜ. ಕಶ್ಯಪ ಮತ್ತು ದಿತಿಯರ ಮಗ, ಕಯಾಧುವಿನ ಗಂಡ. ದೇವರನ್ನೇ ಎದುರು ಹಾಕಿಕೊಂಡ ಈ ಅರಸನ ಕಥೆಗೆ ರಾಯಚೂರು ಸೀಮೆಯಲ್ಲಿ ವಿಶೇಷ ನೆಲೆಯಿದೆ. ಅವನ ಇಬ್ಬರು ಮಕ್ಕಳು ಮುಂದೆ ಈ ಸೀಮೆಯ ನಂಟುಳ್ಳ ಸಂತರಾಗಿ ಅವತರಿಸಿ ಬಂದರೆಂಬುದು ಮಾಧ್ವ ಪರಂಪರೆಯ ನಂಬಿಕೆ.

ಕಥೆ: ತನ್ನ ಸೋದರ ಹಿರಣ್ಯಾಕ್ಷನನ್ನು ವರಾಹರೂಪಿ ವಿಷ್ಣು ಕೊಂದ ಮೇಲೆ ಹಿರಣ್ಯಕಶಿಪು ಹಗೆ ಸಾಧಿಸಲು ತಪಸ್ಸಿಗೆ ಕೂತ. ಮನುಷ್ಯ, ಮೃಗಗಳಿಂದಾಗಲಿ, ಹಗಲು ಇರುಳಿನಲ್ಲಾಗಲಿ, ಮನೆಯ ಒಳಗೆ ಹೊರಗೆ, ನೆಲ ಮುಗಿಲುಗಳಲ್ಲಾಗಲಿ, ಆಯುಧದಿಂದಾಗಲಿ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದ. ಮೂರು ಲೋಕವನ್ನೂ ಗೆದ್ದು ಯಜ್ಞಭಾಗ ತನಗೇ ಸಲ್ಲಬೇಕೆಂದ. ಮಣಿಯದೆ ಉಳಿದವನು ಹರಿಭಕ್ತನಾದ ಮಗ ಪ್ರಹ್ಲಾದ ಮಾತ್ರ. ಗುರುಗಳಾದ ಶಂಡಾಮರ್ಕರ ಪಾಠ ಅವನಿಗೆ ಹತ್ತಲಿಲ್ಲ. ವಿಷ, ಆನೆ, ಹಾವು, ಬೆಂಕಿ ಯಾವುದೂ ಅವನನ್ನು ಮುಟ್ಟಲಿಲ್ಲ. ನಿನ್ನ ಹರಿ ಈ ಕಂಬದಲ್ಲಿದ್ದಾನೆಯೇ ಎಂದು ತಂದೆ ಕಂಬಕ್ಕೆ ಗುದ್ದಿದಾಗ ನರಸಿಂಹ ಹೊರಬಂದ. ಮುಸ್ಸಂಜೆ ಹೊತ್ತಿನಲ್ಲಿ, ಹೊಸ್ತಿಲ ಮೇಲೆ, ತೊಡೆಯಲ್ಲಿ ಕೆಡವಿಕೊಂಡು ಉಗುರಿನಿಂದ ಬಗೆದ. ವರದ ಒಂದು ಮಾತೂ ಸುಳ್ಳಾಗಲಿಲ್ಲ.

ದ್ವೈತ ವಿವರಣೆ: ವೈಕುಂಠದ ದ್ವಾರಪಾಲಕ ಜಯನು ಶಾಪದಿಂದ ಹಿರಣ್ಯಕಶಿಪುವಾಗಿ ಹುಟ್ಟಿದ. ಆ ದೇಹದಲ್ಲಿ ಜಯನ ಜೊತೆಗೆ ಅಸುರ ಜೀವವೂ ಇತ್ತು, ಹರಿದ್ವೇಷ ಆ ಅಸುರನದು ಎಂದು ಮಾಧ್ವರು ಹೇಳುತ್ತಾರೆ. ದ್ವೇಷದಿಂದಲೂ ಮುಕ್ತಿಯುಂಟೆಂಬ ವಾದವನ್ನು ಅವರು ಒಪ್ಪುವುದಿಲ್ಲ.

ರಾಯಚೂರು ಸೀಮೆಯಲ್ಲಿ: 1671ರಲ್ಲಿ ಮಂತ್ರಾಲಯದಲ್ಲಿ ವೃಂದಾವನ ಪ್ರವೇಶಿಸಿದ ರಾಘವೇಂದ್ರ ಸ್ವಾಮಿಗಳನ್ನು ಪ್ರಹ್ಲಾದನ ಅವತಾರವೆನ್ನುತ್ತಾರೆ. ರಾಯಚೂರು ತಾಲ್ಲೂಕಿನ ಗಾಣಧಾಳದ ಪಂಚಮುಖಿ ಅವರ ತಪೋಭೂಮಿಯೆಂದು ಪ್ರಸಿದ್ಧ. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ, ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರು (ನಿಧನ 1809) ಪ್ರಹ್ಲಾದನ ತಮ್ಮ ಸಹ್ಲಾದನ ಅಂಶವೆಂದು ಪ್ರತೀತಿ. ಮಾನ್ವಿಯ ಅವರ ಮನೆಯ ಕಂಬದಲ್ಲಿ ದಾಸರ ಸನ್ನಿಧಾನವಿದೆಯೆಂದು ನಂಬಿ ಭಕ್ತರು ಅದಕ್ಕೆ ಪೂಜೆ ಸಲ್ಲಿಸುತ್ತಾರೆ.

ಹೋಲಿಕೆ: ಹೀಬ್ರೂ ಧರ್ಮಗ್ರಂಥದ ವಿಮೋಚನಕಾಂಡದಲ್ಲಿ ಯೆಹೋವನ ಆಜ್ಞೆಯನ್ನು ಧಿಕ್ಕರಿಸಿದ ಫರೋಹನ ಮೇಲೆ ಹತ್ತು ಉಪದ್ರವಗಳು ಬರುತ್ತವೆ. ದಾನಿಯೇಲನ ಗ್ರಂಥದಲ್ಲಿ ಬರುವ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಪ್ರಸಂಗ ಇನ್ನೂ ಹತ್ತಿರದ್ದು: ಬಂಗಾರದ ಪ್ರತಿಮೆಗೆ ಅಡ್ಡಬೀಳದ ಮೂವರನ್ನು ಅವನು ಉರಿಯುವ ಆವಿಗೆಗೆ ಹಾಕಿಸಿದರೂ ಅವರ ಕೂದಲೂ ಸುಡಲಿಲ್ಲ. ಆದರೆ ಆ ಅರಸ ಕೊನೆಗೆ ದೇವರನ್ನು ಕೊಂಡಾಡಿ ಉಳಿದ, ಹಿರಣ್ಯಕಶಿಪು ಮಣಿಯಲಿಲ್ಲ.

ಚಲನಚಿತ್ರ: 1983ರ 'ಭಕ್ತ ಪ್ರಹ್ಲಾದ'ದಲ್ಲಿ ಡಾ. ರಾಜ್‌ಕುಮಾರ್ ಹಿರಣ್ಯಕಶಿಪುವಾಗಿ, ಅವರ ಮಗ ಪುನೀತ್ ಪ್ರಹ್ಲಾದನಾಗಿ ನಟಿಸಿದ್ದಾರೆ.