ಬೇರ್‌ವಾಲ್ಡ ಒಪ್ಪಂದ: ಧರ್ಮಯುದ್ಧಕ್ಕೆ ದುಡ್ಡು ಕೊಟ್ಟವರು ಯಾರು?

ಯುರೋಪಿನ ಮೂವತ್ತು ವರ್ಷಗಳ ಯುದ್ಧ (1618–1648) ಬರೀ ಕ್ಯಾಥೊಲಿಕ್–ಪ್ರೊಟೆಸ್ಟಂಟ್ ಜಗಳ ಅನ್ನುವವರಿಗೆ ನಾನು ತೋರಿಸೋದು ಈ ಒಪ್ಪಂದವನ್ನು. 1631ರ ಜನವರಿಯಲ್ಲಿ ಕ್ಯಾಥೊಲಿಕ್ ಫ್ರಾನ್ಸ್, ಪ್ರೊಟೆಸ್ಟಂಟ್ ಸ್ವೀಡನ್‌ಗೆ ವರ್ಷಕ್ಕೆ 4 ಲಕ್ಷ ಥೇಲರ್ ಕೊಡಲು ಒಪ್ಪಿತು. ಬದಲಿಗೆ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ಜರ್ಮನಿಯಲ್ಲಿ 30,000 ಕಾಲಾಳು, 6,000 ಕುದುರೆ ಸವಾರರನ್ನು ಇಟ್ಟು ಹೋರಾಡಬೇಕು. ಗೆದ್ದ ಊರುಗಳಲ್ಲಿ ಕ್ಯಾಥೊಲಿಕರ ಆರಾಧನೆಗೆ ಅಡ್ಡಿ ಮಾಡಬಾರದು.

ಇದರ ಹಿಂದಿದ್ದದ್ದು ಫ್ರಾನ್ಸ್‌ನ ಮಂತ್ರಿ, ಸ್ವತಃ ಕ್ಯಾಥೊಲಿಕ್ ಕಾರ್ಡಿನಲ್ ರಿಶೆಲ್ಯೂ. 1628ರಲ್ಲಿ ತನ್ನದೇ ದೇಶದ ಪ್ರೊಟೆಸ್ಟಂಟರ ಕೋಟೆ ಲಾ ರೊಶೆಲ್ ಅನ್ನು ಹಸಿವಿಗೆ ಕೆಡವಿ ಮಣಿಸಿದ್ದೂ ಈತನೇ! ಆದರೆ ಸ್ಪೇನ್, ಆಸ್ಟ್ರಿಯಾ ಎರಡನ್ನೂ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನ ಫ್ರಾನ್ಸ್ ಅನ್ನು ಸುತ್ತುವರಿದಿತ್ತು. ಅದನ್ನು ಕಟ್ಟಿಹಾಕೋದು ಮುಖ್ಯವಾಗಿತ್ತು.

ಯಾರಾದರೂ ‘ಧರ್ಮಯುದ್ಧ’ ಅಂದರೆ ನಾನು ಕೇಳೋದು ಒಂದೇ: ಸೈನಿಕರ ಸಂಬಳ ಯಾರು ಕೊಡ್ತಿದ್ದಾರೆ?